ಹೊಟ್ಟು ಯಾವ ಕಡೆಗೆ?

ಕೇಳುಗರಿಗೆ ನಮಸ್ಕಾರ. ದೇವರಮನೆ ಬಾಗಿಲಿನ ಬಳ್ಳಿ, ನವಿಲು ಈಗ ಉಳಿಯಲ್ಲಷ್ಟೇ ಅಲ್ಲ, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರದಲ್ಲೂ ಅರಳುತ್ತವೆ. ಹೊಸದಾಗಿ ಯಂತ್ರ ಹಾಕಿಸಿದವರು ನನ್ನನ್ನು ಕೇಳೋದು, "ಯಾವ ಬಿಟ್ ತಗೊಳ್ಲಿ ಸಾರ್?" ನಾನು ತಿರುಗಿ ಕೇಳೋದು, "ಮರದ ಹೊಟ್ಟು ಯಾವ ಕಡೆ ಹೋಗಬೇಕು?"

ಬಿಟ್ ಅಂದರೆ ಯಂತ್ರದಲ್ಲಿ ಗಿರ್ರನೆ ತಿರುಗುತ್ತಾ ಮರ ಕೊರೆಯುವ ಕಡ್ಡಿ. ಅದರ ಅಲಗು ತಿರುಪಿನಂತೆ ಸುತ್ತಿಕೊಂಡಿರುತ್ತದಲ್ಲ, ಗುಟ್ಟೆಲ್ಲ ಅಲ್ಲಿದೆ. ಅಪ್‌ಕಟ್ ಬಿಟ್ ಹೊಟ್ಟನ್ನು ಮೇಲಕ್ಕೆತ್ತಿ ಬಿಸಾಡುತ್ತದೆ. ಆಳದ ತೋಡಿಗೆ ಇದೇ ಸರಿ. ಆದರೆ ಆ ಎಳೆತಕ್ಕೆ ಪ್ಲೈವುಡ್ಡಿನ ಮೇಲ್ಪದರ ಕಿತ್ತು ಅಂಚೆಲ್ಲ ನಾರುನಾರು. ಡೌನ್‌ಕಟ್ ಹೊಟ್ಟನ್ನು ಕೆಳಕ್ಕೆ ಒತ್ತುತ್ತದೆ. ಮೇಲಂಚು ನುಣುಪು, ಆದರೆ ಹೊಟ್ಟು ತೋಡಿನಲ್ಲೇ ಗಿಡಿದುಕೊಂಡು ಬಿಸಿಯೇರುತ್ತದೆ.

ಎರಡೂ ಮುಖ ಕಾಣುವ ಕಬೋರ್ಡ್ ಬಾಗಿಲಿಗೆ ಕಂಪ್ರೆಷನ್ ಬಿಟ್ ಬೇಕು. ಅದರ ತುದಿ ಅಪ್‌ಕಟ್, ಮೇಲ್ಭಾಗ ಡೌನ್‌ಕಟ್. ಇದನ್ನು ಮೊದಲ ಸಲ ತಂದಾಗ ನಾನು ಎರಡೆರಡೇ ಮಿಲಿಮೀಟರ್ ಇಳಿಸುತ್ತಾ ಕೊರೆದೆ. ಅಂಚು ಹರಿದುಹೋಯಿತು. ಅಂಗಡಿಯವನನ್ನು ಸುಮ್ಮನೆ ಬೈದುಕೊಂಡೆ. ತಪ್ಪು ನನ್ನದೇ: ಮೊದಲ ಸುತ್ತಿನಲ್ಲೇ ತುದಿಯ ಅಪ್‌ಕಟ್ ಭಾಗ ಪೂರ್ತಿ ಮುಳುಗುವಷ್ಟು ಇಳಿಯಬೇಕಿತ್ತು. ಇಲ್ಲದಿದ್ದರೆ ಅದು ಬರೀ ದುಬಾರಿ ಅಪ್‌ಕಟ್.

ಬಳ್ಳಿ, ನವಿಲಿನ ಉಬ್ಬುತಗ್ಗಿಗೆ ದುಂಡುತುದಿಯ ಬಾಲ್‌ನೋಸ್, ಅಕ್ಷರಕ್ಕೆ ವಿ-ಬಿಟ್. ಬಿಟ್ ಯಾವುದಾದರೂ ತುಂಬಾ ಗಡುಸಾದ ಕಾರ್ಬೈಡಿನದೇ ಇರಲಿ. ತೇಗದೊಳಗೆ ಮರಳಿನಂಥ ಸಿಲಿಕಾ ಇದೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಅಂಟು ಇದೆ. ಇವಕ್ಕೆ ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನ ಬಿಟ್ ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಪೆಡಸು ಜಾತಿಯದು, ನೆಲಕ್ಕೆ ಬಿದ್ದರೆ ಅಲಗು ಚಕ್ಕೆ ಏಳುತ್ತದೆ.

ಅಲಗು ಹೆಚ್ಚಿದ್ದರೆ ಒಳ್ಳೆಯದೆಂಬ ಭ್ರಮೆ ಹಲವರಿಗಿದೆ. ಲೆಕ್ಕ ಹಾಕಿ. ನಿಮಿಷಕ್ಕೆ 18,000 ಸುತ್ತು, 2 ಅಲಗು, ಪ್ರತಿ ಅಲಗೂ 0.15 ಮಿಲಿಮೀಟರ್ ಕಚ್ಚಬೇಕು ಎಂದರೆ ಯಂತ್ರ ನಿಮಿಷಕ್ಕೆ 5,400 ಮಿಲಿಮೀಟರ್ ಓಡಬೇಕು. 4 ಅಲಗಾದರೆ 10,800. ಸಣ್ಣ ಯಂತ್ರಕ್ಕೆ ಆ ಓಟವೆಲ್ಲಿ? ನಿಧಾನ ಓಡಿಸಿದರೆ ಅಲಗು ಕೊರೆಯುವ ಬದಲು ಉಜ್ಜುತ್ತದೆ. ಹೊಟ್ಟಿನ ಬದಲು ಹಿಟ್ಟು ಬರುತ್ತದೆ, ಮರ ಕಪ್ಪಾಗಿ ಸುಟ್ಟ ವಾಸನೆ ಏಳುತ್ತದೆ.

ಇನ್ನೊಂದು ವಿಷಯ. ಯಂತ್ರದೊಳಗೆ ಸಿಕ್ಕಿಸುವ ಬಿಟ್ಟಿನ ಬುಡವೇ ಶ್ಯಾಂಕ್. 6 ಮಿಲಿಮೀಟರ್ ಶ್ಯಾಂಕೂ ಕಾಲಿಂಚಿನ ಶ್ಯಾಂಕೂ ನೋಡಲು ಅವಳಿಜವಳಿ. ಕಾಲಿಂಚು ಎಂದರೆ 6.35. ಶ್ಯಾಂಕನ್ನು ಕಚ್ಚಿ ಹಿಡಿಯುವ ಬಳೆಯೇ ಕೊಲೆಟ್. ಕಾಲಿಂಚಿನ ಕೊಲೆಟ್ಟಿಗೆ 6ರ ಬಿಟ್ ಹಾಕಿ ಬಿಗಿದರೆ ಅದು ಕೆಲಸದ ನಡುವೆ ಜಾರಿ ಹಲಗೆಯನ್ನೇ ತೂತು ಮಾಡೀತು. ಬಿಟ್ ತರಲು ಹೋಗುವಾಗ ನಿಮ್ಮ ಕೊಲೆಟ್ಟನ್ನೇ ಜೇಬಿಗಿಳಿಸಿಕೊಂಡು ಹೋಗಿ. ನಮಸ್ಕಾರ.