ಕಾಲಿನ ಬಣ್ಣವೂ ಚಿತ್ರದಲ್ಲಿರಲಿ

ಕೇಳುಗರಿಗೆ ನಮಸ್ಕಾರ.

ಕಾಫಿ ಕಣದ ಅಂಚಿನಲ್ಲಿ, ಕೆರೆಕೋಡಿಯ ಕಲ್ಲಿನ ಮೇಲೆ, ಮನೆ ಹಿಂದಿನ ಬಚ್ಚಲು ಕಾಲುವೆಯ ಪಕ್ಕದಲ್ಲಿ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡಾಡುವ ಸಣ್ಣ ಹಕ್ಕಿಯೊಂದನ್ನು ಈ ಚಳಿಯ ತಿಂಗಳುಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಸಿಪಿಲೆ. ಕುಂಡೆಕುಸ್ಕ ಎಂದೂ ಕರೆಯುತ್ತಾರೆ. ಹಾಗೆ ಹೆಸರಿಟ್ಟವರು ಹಕ್ಕಿಯನ್ನು ನಿಂತು ನೋಡಿದವರೇ ಇರಬೇಕು.

ಅದರದೊಂದು ಚಿತ್ರ ತೆಗೆದು, 'ಹೊಟ್ಟೆ ಹಳದಿ ಇದೆ, ಯಾವ ಹಕ್ಕಿ ಇದು?' ಎಂದು ಕೇಳುವವರು ಬಹಳ. ಚಿತ್ರ ಚೆನ್ನಾಗಿಯೇ ಇರುತ್ತದೆ. ಹಿನ್ನೆಲೆ ಹದವಾಗಿ ಮಸುಕಾಗಿರುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿಯೂ ಇರುತ್ತದೆ. ಆದರೆ ಕಾಲು ಹುಲ್ಲಿನೊಳಗೆ ಮುಚ್ಚಿಹೋಗಿರುತ್ತದೆ. ಉತ್ತರ ಇದ್ದದ್ದು ಆ ಕಾಲಿನಲ್ಲಿ. ಚಂದಕ್ಕೆ ತೆಗೆಯುವ ಚಿತ್ರ ಬೇರೆ, ಗುರುತಿಗೆ ತೆಗೆಯುವ ಚಿತ್ರ ಬೇರೆ. ವಲಸೆ ಹಕ್ಕಿಗಳು ನಮ್ಮ ಕಡೆಗೆ ಬರುವುದು ಗೂಡು ಕಟ್ಟಲಿಕ್ಕಲ್ಲ, ಹೊಟ್ಟೆಪಾಡಿಗೆ. ಹಾಗಾಗಿ ಅವುಗಳಲ್ಲಿ ಬಹಳಷ್ಟು ತಮ್ಮ ಸೊಗಸಿನ ಗರಿಗಳನ್ನು ಕಳಚಿ, ಒಂದರಂತೆ ಇನ್ನೊಂದು ಕಾಣುವ ಮಾಸಲು ಬಣ್ಣದಲ್ಲಿ ಇರುತ್ತವೆ. ಆಗ ಕೆಲಸಕ್ಕೆ ಬರುವುದು ಕಾಲು, ಕೆನ್ನೆ, ರೆಕ್ಕೆಯ ಒಳಮೈ, ಬಾಲದ ಬುಡ.

ಸಿಪಿಲೆಗಳ ಲೆಕ್ಕ ಹೀಗೆ. ಮಲೆನಾಡಿನ ಹಳ್ಳ, ಝರಿ, ತೋಟದ ಮಣ್ಣುದಾರಿಗಳಲ್ಲಿ ಒಂಟಿಯಾಗಿ ಸಿಗುವುದು ಬೂದು ಸಿಪಿಲೆ. ಬೆನ್ನು ಬೂದು, ಬಾಲದ ಬುಡ ಅಚ್ಚ ಹಳದಿ, ಬಾಲ ಅತಿ ಎನ್ನಿಸುವಷ್ಟು ಉದ್ದ, ಕಾಲು ಗುಲಾಬಿ ಬೆರೆತ ತಿಳಿ ಕಂದು. ಗದ್ದೆ ಬಯಲಿನಲ್ಲಿ, ಮೇಯುವ ದನಗಳ ಕಾಲಡಿಯಲ್ಲಿ ಗುಂಪಾಗಿ ಓಡುವುದು ಹಳದಿ ಸಿಪಿಲೆ. ಬೆನ್ನಿಗೆ ಹಸಿರು ಛಾಯೆ, ಕಾಲು ಕಪ್ಪು. ಕೆರೆಯ ಜೊಂಡಿನ ಅಂಚಿನಲ್ಲಿ, ತೇಲುವ ಎಲೆಗಳ ಮೇಲೆ ನಡೆಯುವುದು ಹಳದಿತಲೆ ಸಿಪಿಲೆ. ಅದಕ್ಕೂ ಕಾಲು ಕಪ್ಪೇ, ಆದರೆ ಬೆನ್ನು ಬೂದು, ರೆಕ್ಕೆಯ ಮೇಲೆ ಎರಡು ದಪ್ಪ ಬಿಳಿ ಪಟ್ಟಿ, ಕೆನ್ನೆಯ ಸುತ್ತ ತಿಳಿ ಬಣ್ಣದ ಬಳೆ. ಇದರ ಎಳೆಯ ಹಕ್ಕಿಗೆ ಮೊದಲ ಚಳಿಗಾಲದಲ್ಲಿ ಹಳದಿಯೇ ಇರುವುದಿಲ್ಲ. ಬಿಳಿ ಸಿಪಿಲೆ ಎಂದು ಬರೆದುಕೊಂಡು ಹೋಗುವವರುಂಟು. ತಲೆ, ಬೆನ್ನು, ಎದೆ ಕಪ್ಪಾಗಿ, ಹುಬ್ಬು ಮಾತ್ರ ಬೆಳ್ಳಗಿದ್ದು, ಗಾತ್ರವೂ ಒಂದು ಕೈ ಮೇಲೆನ್ನಿಸಿದರೆ ಅದು ಬಿಳಿಹುಬ್ಬಿನ ಸಿಪಿಲೆ. ಅದು ವಲಸೆಯದಲ್ಲ, ವರ್ಷವಿಡೀ ನಮ್ಮೂರಿನದೇ. ಇನ್ನು ಕಾಫಿ ಗಿಡದ ನೆರಳಿನಲ್ಲಿ, ಬಾಲವನ್ನು ಮೇಲೆ ಕೆಳಗೆ ಆಡಿಸದೆ ಇಡೀ ಹಿಂಭಾಗವನ್ನೇ ಎಡಕ್ಕೆ ಬಲಕ್ಕೆ ತೂಗುತ್ತ ನಡೆಯುವುದು ಕಾಡು ಸಿಪಿಲೆ. ಎದೆಗೆ ಎರಡು ಕಪ್ಪು ಪಟ್ಟೆ. ಇದಕ್ಕಂತೂ ಫೋಟೋಗಿಂತ ಹತ್ತು ಸೆಕೆಂಡಿನ ವಿಡಿಯೋ ವಾಸಿ.

ಒಂದು ಸಿಪಿಲೆಗೆ ನಾಲ್ಕು ಚಿತ್ರ ಬೇಕು: ಕಾಲು ಕಾಣುವಂತೆ ಪಕ್ಕದಿಂದ ಒಂದು, ಬೆನ್ನಿನದೊಂದು, ಕೆನ್ನೆಯದೊಂದು, ಏಳುವಾಗಿನದೊಂದು. ಮನೆಗೆ ಬಂದ ಮೇಲೆ ಬಣ್ಣ ಏರಿಸಬೇಡಿ. ಮೊಬೈಲಿನಲ್ಲಿ ಸ್ಯಾಚುರೇಶನ್ ಗುಂಡಿ ಸ್ವಲ್ಪ ಎಳೆದರೂ ಹಸಿರು ಛಾಯೆಯ ಬೆನ್ನು ಹಳದಿಯಾಗುತ್ತದೆ, ಕಂದು ಕಾಲು ಕಿತ್ತಳೆಯಾಗುತ್ತದೆ. ಬೆಳಗಿನ ಏಳು ಗಂಟೆಯ ಎಳೆಬಿಸಿಲು ಬಿಳಿ ಗರಿಗೂ ಹಳದಿ ಹಚ್ಚುತ್ತದೆ ಎನ್ನುವುದು ನೆನಪಿರಲಿ. ಚಿತ್ರದಲ್ಲಿ ಒಂದು ಬೆಳ್ಳಕ್ಕಿಯೋ ಸುಣ್ಣ ಬಳಿದ ಕಲ್ಲೋ ಇದ್ದರೆ ಅದನ್ನು ನೋಡಿ ಅಳೆಯಬಹುದು.

ಇನ್ನು ಕೆರೆ. ಹಳೇಬೀಡಿನ ದ್ವಾರಸಮುದ್ರ, ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದ ಕೆರೆ, ಬೇಲೂರಿನ ಯಗಚಿ ಹಿನ್ನೀರು, ಗೊರೂರಿನ ಹೇಮಾವತಿ ಹಿನ್ನೀರು, ಎಲ್ಲಿಗೇ ಹೋದರೂ ಮೊದಲು ಏರಿಯ ಮೇಲೆ ನಿಂತು ಎರಡು ಲೆಕ್ಕ ಹಾಕಿ. ಒಂದು, ಸೂರ್ಯ ಎಲ್ಲಿದ್ದಾನೆ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಂತರೆ ಬೆಳಕು ನಿಮ್ಮ ಬೆನ್ನಿಗೆ, ಹಕ್ಕಿಯ ಎದೆಗೆ. ಏರಿ ಪಶ್ಚಿಮಕ್ಕಿದ್ದರೆ ಬೆಳಿಗ್ಗೆ ಸಿಗುವುದು ಬರೀ ಕಪ್ಪು ನೆರಳು; ಆ ಕೆರೆಗೆ ಸಂಜೆ ನಾಲ್ಕರ ಮೇಲೆ ಹೋಗಿ. ಇನ್ನೊಂದು, ನೀರು ಎಷ್ಟಿದೆ. ಕೆರೆ ತುಂಬಿ ನಿಂತಿದ್ದರೆ ಬಾತುಗಳಿರುತ್ತವೆ, ಕೆಸರಿನಲ್ಲಿ ಮೇಯುವ ಗೊರವಗಳು ಇರುವುದಿಲ್ಲ. ತೂಬಿನಿಂದ ಅಚ್ಚುಕಟ್ಟಿಗೆ ನೀರು ಹರಿದು ಕೆರೆಯಂಗಳದಲ್ಲಿ ಕೆಸರು ಕಾಣಿಸಿಕೊಂಡ ಮೇಲೆ, ಅಂದರೆ ಹೆಚ್ಚಿನ ಕಡೆ ಜನವರಿಯ ಹೊತ್ತಿಗೆ, ಗೊರವಗಳ ಸಂತೆ ಶುರು.

ಬಾತುಗಳು ಸುಲಭ. ಸಲಿಕೆಯಂಥ ಕೊಕ್ಕಿನ ಚಲುಕದ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ವಲಸೆಯವು. ಕಪ್ಪು ಕೊಕ್ಕಿನ ತುದಿ ಹಳದಿಯಾದ ವರಟೆ, ಸಿಳ್ಳೆ ಹಾಕುತ್ತ ಹಾರುವ ಕಂದು ಬಾತು ಇಲ್ಲಿಯವು. ತೊಡಕಿನದು ಗೊರವಗಳ ಪಾಡು. ಭುಜದ ಮುಂದೆ ಬಿಳಿಯ ಬೆಣೆಯೊಂದು ಮೇಲಕ್ಕೆ ನುಗ್ಗಿದಂತಿದ್ದು, ಹಿಂಭಾಗ ಒಂದೇ ಸಮ ಕುಣಿಯುತ್ತಿದ್ದರೆ ಅದು ಸಾಮಾನ್ಯ ಗದ್ದೆಗೊರವ. ಉಳಿದ ಎರಡು, ಹಸಿರು ಗೊರವ ಮತ್ತು ಅಡವಿ ಗೊರವ, ಕುಳಿತಾಗ ದೂರದಿಂದ ಅಣ್ಣತಮ್ಮಂದಿರಂತಿರುತ್ತವೆ. ಹಾರಿದಾಗ ಗುಟ್ಟು ಬಯಲು: ಹಸಿರು ಗೊರವದ ರೆಕ್ಕೆಯ ಒಳಮೈ ಕಪ್ಪು, ಅಡವಿ ಗೊರವದ್ದು ಮಾಸಲು ಬಿಳಿ. ಆದ್ದರಿಂದ ಹಕ್ಕಿ ತಾನಾಗಿ ಏಳುವವರೆಗೆ ಬೆರಳು ಗುಂಡಿಯ ಮೇಲೇ ಇರಲಿ. ಎದ್ದಾಗ ಒಂದರ ಹಿಂದೊಂದು ಹತ್ತು ಚಿತ್ರ ಹೊಡೆಯಿರಿ. ಒಂಬತ್ತು ಹಾಳಾಗುತ್ತವೆ, ಆಗಲಿ. ಕಲ್ಲೆಸೆದು ಎಬ್ಬಿಸುವ ಚಾಳಿ ಮಾತ್ರ ಬೇಡ. ಸಾವಿರಾರು ಮೈಲಿ ಹಾರಿ ಬಂದು ಮೈಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಪ್ರತಿ ಹಾರಾಟವೂ ಖರ್ಚು.

ಕ್ಯಾಮೆರಾದ ವಿಷಯ. ಕೂತ ಹಕ್ಕಿಗೆ 400 ಮಿಲಿಮೀಟರ್ ಲೆನ್ಸಿನಲ್ಲಿ ಶಟರ್ ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗ, ಹಾರುವುದಕ್ಕೆ 2000ದಲ್ಲಿ ಒಂದು ಭಾಗ. ನೀರಿನ ಮೇಲೆ ಹೆಚ್ಚು ಕೆಡುವುದು ಬೆಳಕಿನ ಅಳತೆ. ಕ್ಯಾಮೆರಾ ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡುವಿನ ಬೂದಿಗೆ ತರಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಗರಿಯ ಒಂದು ಎಳೆಯೂ ಉಳಿಯುವುದಿಲ್ಲ. ಪ್ಲಸ್ ಮೈನಸ್ ಗುಂಡಿಯನ್ನು ಮೈನಸ್ ಒಂದಕ್ಕೆ ಇಳಿಸಿ. ಹೊಳೆಯುವ ನೀರಿನ ಮೇಲೆ ಕಪ್ಪು ಮೈಯ ನಾಮದಕೋಳಿ ಇದ್ದರೆ ಉಲ್ಟಾ, ಪ್ಲಸ್ ಒಂದು. ಇನ್ನೊಂದು ದೂರು ಎಲ್ಲರದೂ: ಹತ್ತು ಗಂಟೆಯ ಮೇಲೆ ತೆಗೆದ ಚಿತ್ರ ಚೂಪಾಗಿಲ್ಲ, ಲೆನ್ಸ್ ಸರಿಯಿಲ್ಲ ಎಂದು. ಲೆನ್ಸಿನ ತಪ್ಪೇನಿಲ್ಲ. ಬಿಸಿಲೇರಿದ ಮೇಲೆ ಕೆರೆಯಂಗಳದ ಮೇಲಿನ ಗಾಳಿ ಒಲೆಯ ಮೇಲಿನ ಗಾಳಿಯಂತೆ ನಡುಗುತ್ತದೆ. ನೂರು ಮೀಟರ್ ದೂರದ ಹಕ್ಕಿಯನ್ನು ಆ ನಡುಕದ ಮೂಲಕ ಎಷ್ಟು ದುಬಾರಿ ಲೆನ್ಸೂ ಚೂಪಾಗಿ ತೋರಿಸದು. ಮಂಜು ಕರಗುವ ಹೊತ್ತಿನಿಂದ ಒಂಬತ್ತರವರೆಗೆ ಕೆಲಸ ಮುಗಿಸಿ, ಆಮೇಲೆ ಬೇಕಾದರೆ ತಿಂಡಿಗೆ ಹೋಗಿ.

ಕಾರಿನ ಕಿಟಕಿಯ ಮೇಲೋ ಏರಿಯ ಕಲ್ಲಿನ ಮೇಲೋ ಲೆನ್ಸ್ ಇಡಲು ಬಟ್ಟೆಯ ಚೀಲವೊಂದು ಸಾಕು, ಎರಡು ಕೆ.ಜಿ. ಹಿಡಿಯುವಂಥದ್ದು. ಭತ್ತದ ಹೊಟ್ಟು ತುಂಬಿದರೆ ಹಗುರ, ಕದಲುತ್ತದೆ. ಹುರುಳಿ ಚೆನ್ನಾಗಿ ಕೂರುತ್ತದೆ, ಆದರೆ ಹುಳು ಬೀಳುತ್ತದೆ; ವರ್ಷಕ್ಕೊಮ್ಮೆ ಬದಲಿಸಿ.

ತೋಟದೊಳಗೆ ಕಥೆಯೇ ಬೇರೆ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಲ್ಲಿ ಬೆಳಕು ಕಡಿಮೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಳತೆಯಾದ ಐಎಸ್‌ಒವನ್ನು 1600ರಿಂದ 3200ಕ್ಕೆ ಏರಿಸಿ, ಶಟರನ್ನು 250ರಲ್ಲಿ ಒಂದು ಭಾಗಕ್ಕೆ ಇಳಿಸಿ, ಲೆನ್ಸನ್ನು ಮರಕ್ಕೆ ಒರಗಿಸಿ. ಭೀಮರಾಜ ಹಕ್ಕಿಯ ಕೂಗು ಕೇಳಿದ ಕಡೆ ನಿಂತುಬಿಡಿ. ಅವನ ಹಿಂದೆ ಮರಕುಟಿಗ, ನೊಣಹಿಡುಕ, ಉಲಿಯಕ್ಕಿಗಳ ಬೆರಕೆ ಗುಂಪೇ ಬರುತ್ತದೆ, ಹತ್ತು ನಿಮಿಷದಲ್ಲಿ ದಾಟಿಹೋಗುತ್ತದೆ. ಬೆನ್ನಟ್ಟಿದರೆ ಒಂದೂ ಸಿಗದು. ಎಲೆ ಬಣ್ಣದ ಉಲಿಯಕ್ಕಿಗಳ ವಿಷಯದಲ್ಲಿ ಚಿತ್ರದ ಹಟ ಬಿಡುವುದೇ ಮೇಲು. ಬೆರಳುದ್ದದ, ಎಲೆಯ ನಡುವೆ ಎಲೆಯಂತಿರುವ ಆ ಹಕ್ಕಿಗಳಿಗೆ ಗುರುತೆಂದರೆ ದನಿ. ಮೊಬೈಲ್ ತೆಗೆದು ಅರ್ಧ ನಿಮಿಷ ಕೂಗು ಮುದ್ರಿಸಿಕೊಳ್ಳಿ. ಮುದ್ರಿಸಿದ ಕೂಗನ್ನು ಹಕ್ಕಿಗೆ ತಿರುಗಿ ಕೇಳಿಸಿ ಕರೆಯಬೇಡಿ.

ತೋಟಕ್ಕೆ ಕಾಲಿಡುವ ಮೊದಲು ಸಾಹುಕಾರರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಕೇಳುವುದು ಮರ್ಯಾದೆಯೂ ಹೌದು, ಜೀವಕ್ಕೆ ಕ್ಷೇಮವೂ ಹೌದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಎಲ್ಲಿದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಬೆಳಕು ಹರಿಯುವ ಮೊದಲು ತೋಟದ ದಾರಿ ಬೇಡವೇ ಬೇಡ. ಕುಯಿಲು ನಡೆಯುವ ಪಟ್ಟೆಯಲ್ಲಿ ಹಕ್ಕಿ ಇರುವುದಿಲ್ಲ ಎಂದುಕೊಳ್ಳಬೇಡಿ. ಆಳುಗಳು ಮುಂದೆ ಸಾಗಿದ ಮೇಲೆ ತರಗು ಕದಡಿದ ಜಾಗಕ್ಕೆ ಕಾಡು ಸಿಪಿಲೆಯೂ ಕಿತ್ತಳೆ ಬಣ್ಣದ ನೆಲಸಿಳ್ಳಾರವೂ ಹುಳು ಆರಿಸಲು ಇಳಿಯಬಹುದು.

ಕಡೂರು, ಅಜ್ಜಂಪುರದ ಬಯಲಿಗೆ ಬಂದರೆ ಕಾವಲುಗಳ ಹುಲ್ಲಿನ ಮೇಲೆ ಸೆಳೆವಗಳೆಂಬ ಬೇಟೆಹಕ್ಕಿಗಳು ತೇಲುತ್ತಿರುತ್ತವೆ, ರೆಕ್ಕೆಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ಎತ್ತಿಕೊಂಡು. ಗಂಡು ಸುಲಭ: ರೆಕ್ಕೆಯ ಮೇಲೆ ಅಡ್ಡಕ್ಕೆ ಕಪ್ಪು ಗೆರೆ ಇದ್ದರೆ ಮಾಂಟೆಗೂ ಸೆಳೆವ, ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ ಇದ್ದರೆ ಪ್ಯಾಲಿಡ್ ಸೆಳೆವ. ಕಂದು ಬಣ್ಣದ ಹೆಣ್ಣು ಮತ್ತು ಎಳೆಯವಕ್ಕೆ ಕತ್ತಿನ ಪಕ್ಕ ನೋಡಬೇಕು. ಕೆನ್ನೆಯ ಹಿಂದೆ ತಿಳಿ ಬಣ್ಣದ ಕೊರಳಪಟ್ಟಿ ಎದ್ದು ಕಂಡರೆ ಪ್ಯಾಲಿಡ್. ರೆಕ್ಕೆಯ ಮೇಲ್ಮೈ, ಒಳಮೈ, ಕತ್ತು, ಮೂರೂ ಸಿಗದಿದ್ದರೆ 'ಸೆಳೆವ, ಜಾತಿ ತಿಳಿಯದು' ಎಂದು ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ. ಇವು ರಾತ್ರಿ ಕಳೆಯುವುದು ಹುಲ್ಲಿನ ನಡುವೆ ನೆಲದ ಮೇಲೆ. ಸಂಜೆ ಐದೂವರೆಯ ನಂತರ ಹುಲ್ಲಿನೊಳಗೆ ನಡೆಯುವುದಾಗಲಿ, ಜೀಪು ನುಗ್ಗಿಸುವುದಾಗಲಿ ಸಲ್ಲದು. ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಿತ ಜಾಗ. ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ.

ಮುಳ್ಳಯ್ಯನಗಿರಿಯಂಥ 1930 ಮೀಟರ್ ಎತ್ತರದ ಚಳಿಯಲ್ಲಿ ಎರಡು ಗಂಟೆ ಇದ್ದ ಕ್ಯಾಮೆರಾವನ್ನು ನೇರ ಬೆಚ್ಚಗಿನ ಕಾರಿನೊಳಗೆ ತಂದರೆ ತಣ್ಣಗಿನ ಗಾಜಿನ ಮೇಲೆ ಬೆವರು ಕೂರುತ್ತದೆ, ಒಳಗೂ. ಹೊರಗೇ ಚೀಲಕ್ಕೆ ಹಾಕಿ ಜಿಪ್ ಎಳೆದು, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮಲೆನಾಡಿನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಮಳೆಗಾಲದಲ್ಲಿ ಮಾತ್ರ ಎಂದು ನಂಬಿದವರು ಈ ಬೆವರನ್ನು ಮರೆಯುತ್ತಾರೆ.

ದಾಖಲೆಗೆ ಐದು ಮಾತು ಸಾಕು: ದಿನ, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು. ಬ್ಯಾಟರಿ ಪೂರ್ತಿ ಇಳಿದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಹಳೆಯ ತಾರೀಖಿಗೆ ಹೋಗಿ ನಿಲ್ಲುತ್ತದೆ. ಹೊರಡುವ ಮೊದಲು ನೋಡಿಕೊಳ್ಳಿ. ತಾರೀಖು ತಪ್ಪಿದ ವಲಸೆ ಹಕ್ಕಿಯ ಚಿತ್ರ ಗೋಡೆಗೆ ಹಾಕಲಷ್ಟೇ ಸರಿ. ಪಟ್ಟಿಯನ್ನು ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಏರಿಸುವಾಗ ಕಾಗೆ, ಗೊರವಂಕಗಳನ್ನೂ ಎಣಿಸಿ ಬರೆಯಿರಿ. ಅಪರೂಪದ್ದನ್ನಷ್ಟೇ ಬರೆದರೆ ಸಾಮಾನ್ಯ ಹಕ್ಕಿ ಕಡಿಮೆಯಾಗುವುದು ಯಾರಿಗೂ ತಿಳಿಯುವುದಿಲ್ಲ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ನಿಮ್ಮೂರ ಕೆರೆಯನ್ನು ಯಾರೂ ಎಣಿಸುತ್ತಿಲ್ಲವಾದರೆ ನೀವೇ ಎಣಿಸಬಹುದು. ಗೂಬೆ ಕೂರುವ ಪೊಟರೆ, ಗೂಡಿನ ಜಾಗಗಳನ್ನು ಮಾತ್ರ ಬಹಿರಂಗ ಮಾಡಬೇಡಿ.

ಮಾರ್ಚ್ ಕೊನೆಯ ಹೊತ್ತಿಗೆ ಅದೇ ಗದ್ದೆ ಬಯಲಿಗೆ ಮತ್ತೊಮ್ಮೆ ಹೋಗಿ. ಡಿಸೆಂಬರಿನಲ್ಲಿ ಎಲ್ಲ ಒಂದೇ ಎನ್ನಿಸಿದ್ದ ಹಳದಿ ಸಿಪಿಲೆಗಳ ಗಂಡುಗಳಿಗೆ ಹೊರಡುವ ಮುನ್ನ ಬಣ್ಣ ತಿರುಗಿರುತ್ತದೆ. ಒಂದರ ತಲೆ ಕಡುಗಪ್ಪು, ಇನ್ನೊಂದರದು ಗಾಢ ಬೂದು, ಮತ್ತೊಂದರದು ತಿಳಿ ಬೂದು, ಅದಕ್ಕೆ ಬಿಳಿಯ ಹುಬ್ಬು. ಬೇರೆ ಬೇರೆ ನಾಡುಗಳಲ್ಲಿ ಮರಿ ಮಾಡುವ ಉಪಜಾತಿಗಳು ಒಂದೇ ಗದ್ದೆಯಲ್ಲಿ ಚಳಿಗಾಲ ಕಳೆದಿರುತ್ತವೆ. ಈ ಸಲ ಕಾಲು ಹುಲ್ಲಿನಲ್ಲಿ ಮುಚ್ಚಿದ್ದರೂ ಪರವಾಗಿಲ್ಲ. ತಲೆಯ ಮೇಲ್ಭಾಗ, ಹುಬ್ಬು, ಗದ್ದ, ಈ ಮೂರೂ ಒಂದೇ ಹಕ್ಕಿಯದು ಸಿಗುವವರೆಗೆ ಬದುವಿನ ಮೇಲೆ ಕುಳಿತಿರಿ.

ನಮಸ್ಕಾರ.