ಕಾಯಿ, ಹಣ್ಣು, ಹಚ್ಚೆ

ಕೇಳುಗರೇ, ನಮಸ್ಕಾರ.

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಕಾಗುಣಿತದ ತಪ್ಪಿದೆ. ರಬ್ಬರು ಹಾಕಿ ತಿಕ್ಕಿದರೆ ಹೋಗುವ ತಪ್ಪಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಪರೀಕ್ಷೆ ಮುಗಿದ ಸಂಜೆ, ಗೆಳತಿಯರ ಜೊತೆ ಒಂದು ಟ್ಯಾಟೂ ಅಂಗಡಿಗೆ ಹೋದೆ. 'ಧೈರ್ಯ' ಅಂತ ಬರೆಯಿರಿ ಎಂದೆ. ಹೆದರಿಕೆಗೆ ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಟ್ಟು ನೋಡಿದರೆ ಧೈರ್ಯದ ಮಹಾಪ್ರಾಣವೇ ಹೋಗಿತ್ತು. ಅಲ್ಪಪ್ರಾಣದ 'ದ' ಬಂದು ಕೂತಿತ್ತು. ಅರ್ಕಾವತ್ತಂತೂ ಇಲ್ಲವೇ ಇಲ್ಲ. ರಕಾರ ಒಂದು ಕಡೆ, ಯಕಾರ ಇನ್ನೊಂದು ಕಡೆ, ಜಗಳ ಆಡಿ ಪಾಲಾದ ದಾಯಾದಿಗಳ ಹಾಗೆ ನಿಂತಿದ್ದವು.

ಈಗಲೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು ಸಿಕ್ಕರೆ ಕೈ ಹಿಂದೆ ಕಟ್ಟಿಕೊಂಡೇ ಮಾತಾಡುತ್ತೇನೆ. ಅವರು ಅದನ್ನು ವಿನಯ ಅಂತ ತಿಳಿದಿದ್ದಾರೆ.

ತಪ್ಪು ಹೇಗಾಯಿತು ಅಂತ ಆಮೇಲೆ ತಿಳಿಯಿತು. ಕಂಪ್ಯೂಟರಿನ ಒಳಗೆ 'ರ್ಯ' ಅನ್ನುವುದು ಒಂದು ಅಕ್ಷರವಾಗಿ ಇರುವುದಿಲ್ಲ. ಕಂಪ್ಯೂಟರಿಗೆ ಅಕ್ಷರ ಗುರುತಿಸಿಕೊಡುವ ಯೂನಿಕೋಡ್‌ನಲ್ಲಿ ಅದು ರ, ಸ್ವರ ಕಳೆಯುವ ಹಲಂತ ಚಿಹ್ನೆ, ಯ ಅಂತ ಮೂರು ತುಂಡು. ಮೂರನ್ನೂ ಕೂಡಿಸಿ ಅರ್ಕಾವತ್ತು ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಚಿತ್ರ ಬಿಡಿಸುವ ಕೆಲವು ಹಳೆಯ ಸಾಫ್ಟ್‌ವೇರ್‌ಗಳಿಗೆ ಆ ವಿದ್ಯೆ ಬರುವುದಿಲ್ಲ. ಸಿಕ್ಕಿದ ತುಂಡುಗಳನ್ನು ಸಾಲಾಗಿ ಇಟ್ಟುಬಿಡುತ್ತವೆ. ಮಹಾಪ್ರಾಣ ಹೋದದ್ದು ಮಾತ್ರ ನನ್ನದೇ ತಪ್ಪು. ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ, ಡಿ ಆದ ಮೇಲೆ ಎಚ್ ಹಾಕಲು ಮರೆತಿದ್ದೆ.

ಈಗ ನಾನು ಶಿವಮೊಗ್ಗದಲ್ಲೇ ಕೂತು ಮೊಬೈಲ್ ಆ್ಯಪ್‌ಗಳ ವಿನ್ಯಾಸ ಮಾಡುತ್ತೇನೆ. ಯಾವ ಬಟನ್ ಎಲ್ಲಿರಬೇಕು, ಯಾವ ಪ್ರಶ್ನೆ ಮೊದಲು ಕೇಳಬೇಕು, ಅಂಥದ್ದು. ದುರ್ಗಿಗುಡಿಯ ಹತ್ತಿರ ಟ್ಯಾಟೂ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಒಂದು ದಿನ ಅವನು, "ಮಾರಾಯ್ತಿ, ನನ್ನ ಗಿರಾಕಿಗಳಿಗೆ ಟ್ಯಾಟೂ ಆರಿಸಿಕೊಳ್ಳಲಿಕ್ಕೆ ಒಂದು ಆ್ಯಪ್ ಮಾಡಿಕೊಡು. ಒಬ್ಬೊಬ್ಬರೂ ಎರಡು ಗಂಟೆ ಕೂತು ಫೋಟೊ ನೋಡ್ತಾರೆ, ಕೊನೆಗೆ ಪಕ್ಕದವನು ಹಾಕಿಸಿಕೊಂಡದ್ದನ್ನೇ ಹಾಕು ಅಂತಾರೆ" ಎಂದ. ನಾನು ಮಣಿಕಟ್ಟು ನೋಡಿಕೊಂಡು ಒಪ್ಪಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ತೆರೆದ ಕೂಡಲೇ ಚಿತ್ರಗಳು. ಚಿಟ್ಟೆ, ಗರಿ, ಸಿಂಹ, ಶಿವನ ತ್ರಿಶೂಲ. ಬೆರಳಲ್ಲಿ ಸರಿಸುತ್ತಾ ಹೋಗುವುದು. ಅಂಗಡಿಯಲ್ಲಿ ನಾಲ್ಕು ಜನರ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತು ನೋಡಿದೆ. ಸರಿಸಿದರು, ಸರಿಸಿದರು, ಸರಿಸುತ್ತಲೇ ಇದ್ದರು. ಸೀರೆ ಅಂಗಡಿಯಲ್ಲಿ ನೂರು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಬರುತ್ತೇವಲ್ಲ, ಹಾಗೆ. ಒಬ್ಬ ಹುಡುಗ ಮಾತ್ರ ತಟ್ಟನೆ ಕತ್ತಿನ ಬದಿಗೆ ಒಂದು ಚೇಳು ಆರಿಸಿದ. ಏನು ಓದ್ತಿದ್ದೀಯಪ್ಪಾ ಅಂತ ಕೇಳಿದೆ. ಸೇನೆಗೆ ಸೇರಬೇಕು, ದಿನಾ ಬೆಳಿಗ್ಗೆ ಓಡ್ತಿದ್ದೇನೆ ಅಕ್ಕಾ ಎಂದ.

ನನ್ನ ಎದೆ ಧಸಕ್ಕೆಂದಿತು. ಭಾರತೀಯ ಸೇನೆಯ ಭರ್ತಿಯಲ್ಲಿ ಟ್ಯಾಟೂಗೆ ಜಾಗದ ನಿಯಮವಿದೆ. ಮುಂಗೈಯ ಒಳಭಾಗ, ಅಂದರೆ ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿ. ಅಷ್ಟೇ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯ ಪ್ರಕಾರ ವಿನಾಯಿತಿ ಇದೆ. ಕತ್ತಿನ ಮೇಲೆ ಚೇಳು ಇದ್ದರೆ ಎಷ್ಟು ಚೆನ್ನಾಗಿ ಓಡಿದರೂ ಉಪಯೋಗವಿಲ್ಲ. ನನ್ನ ಚಂದದ ಆ್ಯಪ್ ಅವನಿಗೆ ಆ ಮಾತು ಹೇಳಿರಲಿಲ್ಲ. ಚಿತ್ರ ತೋರಿಸುವ ಅವಸರದಲ್ಲಿತ್ತು.

ಅವತ್ತೇ ಎಲ್ಲವನ್ನೂ ತಿರುಗಿಸಿದೆ. ಚಿತ್ರ ಕೊನೆಗೆ. ಮೊದಲು ಪ್ರಶ್ನೆ. ಯಾವ ಕೆಲಸಕ್ಕೆ ಹೋಗಬೇಕೆಂದಿದ್ದೀರಿ? ಸಕ್ಕರೆ ಕಾಯಿಲೆ ಇದೆಯಾ? ಗಾಯ ಮಾಗಿದ ಮೇಲೆ ಅಲ್ಲಿ ಗಡ್ಡೆಯ ಹಾಗೆ ಉಬ್ಬಿಕೊಳ್ಳುತ್ತದೆಯಾ? ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತೀರಾ? ರಕ್ತದಾನ ಮಾಡುವವರಾ? ಟ್ಯಾಟೂ ಹಾಕಿಸಿಕೊಂಡರೆ ನಮ್ಮ ದೇಶದ ನಿಯಮದಂತೆ 12 ತಿಂಗಳು ರಕ್ತ ಕೊಡುವಂತಿಲ್ಲ. ಸೂಜಿಯಿಂದ ಹೆಪಟೈಟಿಸ್, ಎಚ್‌ಐವಿ ಅಂಟುವ ಅಪಾಯ ಇರುವುದರಿಂದ ಹಾಗೆ.

ಇದೆಲ್ಲ ಯಾವ ಊರಿನ ಆ್ಯಪ್ ಆದರೂ ಕೇಳಬೇಕಾದದ್ದೇ. ನಮ್ಮ ಕಡೆಗೆ ಅಂತಲೇ ಒಂದು ಪ್ರಶ್ನೆ ಸೇರಿಸಿದೆ: 'ಮುಂದಿನ ಮೂರು ವಾರ ಏನು ಕೆಲಸ?' ಹೊಸ ಟ್ಯಾಟೂ ಅಂದರೆ ಹಸಿ ಗಾಯ. ಮಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ನೀರಲ್ಲಿ ನೆನೆಸಬಾರದು, ಮಣ್ಣು ತಾಗಿಸಬಾರದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಗದ್ದೆಗಿಳಿದು ನಾಟಿ ಮಾಡುವವರಿಗೆ ಇದು ಆಗುವ ಮಾತಾ? ತೋಟಕ್ಕೆ ಹೋದರೆ ರಕ್ತ ಹೀರುವ ಉಂಬಳ ಬೇರೆ. ಅಡಿಕೆಗೆ ಕೊಳೆ ಬರದ ಹಾಗೆ ಔಷಧಿ ಹೊಡೆಯುವಾಗ ಮೈಲುತುತ್ತ ಸುಣ್ಣದ ನೀರು ಮೊಣಕೈವರೆಗೆ ಇಳಿಯುತ್ತದೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂತರೆ ಕೈಗೆ ಕಲೆ ಹಿಡಿಸುವ ಚೊಗರು. ಹಾಗಾಗಿ ನಾಟಿ, ಔಷಧಿ, ಸುಲಿತ, ಈ ಮೂರರಲ್ಲಿ ಯಾವುದನ್ನು ಒತ್ತಿದರೂ ಆ್ಯಪ್ 'ಈಗ ಬೇಡ' ಅನ್ನುತ್ತದೆ. ಗೆಳೆಯ ಲೆಕ್ಕ ಹಾಕಿದ. "ನಿನ್ನ ಮಾತು ಕೇಳಿದರೆ ವರ್ಷಕ್ಕೆ ನಾಲ್ಕು ತಿಂಗಳು ಅಂಗಡಿ ಬಾಗಿಲು ಹಾಕಬೇಕು" ಎಂದ. ಸುಳ್ಳಲ್ಲ.

ಅಕ್ಷರದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಸ್ವಂತ ಜಗಳ. ನಮ್ಮ ಆ್ಯಪ್‌ನಲ್ಲಿ ಕನ್ನಡ ಪದ ಬರೆದರೆ ಅದು ಕೂಡಲೇ ಚಿತ್ರವಾಗಿಬಿಡುತ್ತದೆ. ಅಂಗಡಿಯವನು ಮತ್ತೆ ಟೈಪ್ ಮಾಡುವಂತಿಲ್ಲ. ಆ ಚಿತ್ರವನ್ನೇ ಸ್ಟೆನ್ಸಿಲ್ ತೆಗೆದು ಮೈಗೆ ಒತ್ತಬೇಕು. ಅದಕ್ಕೂ ಮೊದಲು ಕನ್ನಡ ಓದಲು ಬರುವ ಇಬ್ಬರ ಹತ್ತಿರ ಗಟ್ಟಿಯಾಗಿ ಓದಿಸಿ ಅಂತ ಕೇಳುತ್ತದೆ. ಅಕ್ಷರ ತೀರಾ ಚಿಕ್ಕದಾದರೆ ಬಿಡುವುದೇ ಇಲ್ಲ. ಟ್ಯಾಟೂವಿನ ಗೆರೆ ವರ್ಷ ಕಳೆದ ಹಾಗೆ ದಪ್ಪವಾಗುತ್ತದೆ, ಹತ್ತಿರದ ಗೆರೆಗಳು ಕೂಡಿಕೊಳ್ಳುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಹೇಗೋ ನಡೆದೀತು. ನಮ್ಮಲ್ಲಿ ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅದು ಮುಚ್ಚಿತೋ, ಇವತ್ತು 'ಧನ' ಅಂತ ಬರೆಸಿಕೊಂಡವನು ಹದಿನೈದು ವರ್ಷಕ್ಕೆ 'ದನ' ಆಗುತ್ತಾನೆ.

ಗೆರೆ ಯಾಕೆ ಹರಡುತ್ತದೆ, ಶಾಯಿ ಯಾಕೆ ಹೋಗುವುದಿಲ್ಲ, ಎರಡಕ್ಕೂ ಉತ್ತರ ಚರ್ಮದಲ್ಲೇ ಇದೆ. ಮೇಲಿನ ಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಸೂಜಿ ಅದನ್ನು ದಾಟಿ 1ರಿಂದ 2 ಮಿಲಿಮೀಟರ್ ಒಳಗೆ, ಕೆಳಗಿನ ಪದರದಲ್ಲಿ ಶಾಯಿ ಬಿಡುತ್ತದೆ. ಮೈಯ ಕಾವಲು ಕಣಗಳು, ಮ್ಯಾಕ್ರೋಫೇಜ್ ಅಂತಾರೆ, ಬಂದು ಅದನ್ನು ನುಂಗುತ್ತವೆ. ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆ ಕಣ ಸತ್ತಾಗ ಹೊರಬಿದ್ದ ಶಾಯಿಯನ್ನು ಇನ್ನೊಂದು ಕಣ ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ನನ್ನ ಮಣಿಕಟ್ಟಿನ ತಪ್ಪನ್ನು ನನ್ನ ರಕ್ಷಣೆಗೆ ಇರುವ ಕಣಗಳೇ ಕೈಯಿಂದ ಕೈಗೆ ದಾಟಿಸಿ ಕಾಪಾಡುತ್ತಿವೆ ಅಂತಾಯಿತು! ಲೇಸರಿನಲ್ಲಿ ತೆಗೆಯಬಹುದು. ಒಂದೇ ಸಲಕ್ಕೆ ಆಗುವುದಿಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಹೋಗಬೇಕು. ಕಪ್ಪು ಬೇಗ ಹೋಗುತ್ತದೆ, ಹಸಿರು ಹಳದಿ ಹಟ ಹಿಡಿಯುತ್ತವೆ.

ಬಣ್ಣದ ಮಾತು ಬಂತಲ್ಲ. ಶಾಯಿ ಇರುವುದು ಒಳಗೆ, ನಮ್ಮ ಮೈಬಣ್ಣ ಇರುವುದು ಅದರ ಮೇಲೆ. ಬಣ್ಣದ ಗಾಜಿನ ಹಿಂದೆ ಚಿತ್ರ ಇಟ್ಟ ಹಾಗೆ. ಬಿಳಿ ತೋಳಿನ ಮೇಲೆ ತಿಳಿಗುಲಾಬಿ ಹೂವಿನ ಫೋಟೊ ನೋಡಿ ನಮ್ಮ ಕಂದು ತೋಳಿಗೆ ಹಾಕಿಸಿಕೊಂಡರೆ ಆ ಗುಲಾಬಿ ಮಂಕಾಗುತ್ತದೆ. ಅದಕ್ಕೇ ನಮ್ಮ ಆ್ಯಪ್ ನಿಮ್ಮದೇ ಕೈಯ ಫೋಟೊ ಕೇಳುತ್ತದೆ, ಚಿತ್ರದ ಬಣ್ಣವನ್ನು ನಿಮ್ಮ ಬಣ್ಣದ ಕೆಳಗೆ ಇಟ್ಟು ತೋರಿಸುತ್ತದೆ.

ಇನ್ನು ಕ್ಯಾಮೆರಾದಲ್ಲಿ ಕೈ ತೋರಿಸಿದರೆ ಅದರ ಮೇಲೆ ಟ್ಯಾಟೂ ಮೂಡುವ ಆಟ. ಹೊರದೇಶದ ಇಂಕ್‌ಹಂಟರ್ ಅನ್ನುವ ಆ್ಯಪ್ 2016ರಲ್ಲೇ ಇದನ್ನು ಮಾಡಿತ್ತು. ಮೊದಲು ಪೆನ್ನಿನಲ್ಲಿ ಕೈ ಮೇಲೆ ಒಂದು ಸಣ್ಣ ಗುರುತು ಬರೆದುಕೊಳ್ಳಬೇಕು. ಯಾಕೆಂದರೆ ಬರಿಯ ಚರ್ಮ ಕ್ಯಾಮೆರಾಗೆ ಹಿಡಿ ಸಿಗದ ಜಾಗ. ನುಣ್ಣಗಿರುತ್ತದೆ, ಎಲ್ಲ ಕಡೆ ಒಂದೇ ತರ. ಕೈ ತಿರುಗಿದಾಗ ಎಷ್ಟು ತಿರುಗಿತು ಅಂತ ಅಳೆಯಲು ಅದಕ್ಕೆ ಗಾಢವಾದ ಚುಕ್ಕಿಯೋ ಮೂಲೆಯೋ ಬೇಕು. ಇಲ್ಲದಿದ್ದರೆ ಚಿತ್ರ ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ನಾವೂ ಪೆನ್ನಿನ ಮೂರು ಚುಕ್ಕಿ ಇಡಿ ಅಂದೆವು. ಮತ್ತೆ, ಎಲ್ಲವೂ ಫೋನಿನ ಒಳಗೇ ನಡೆಯುವ ಹಾಗೆ ಮಾಡಿದೆವು. ಹೊಸನಗರದ ಕಡೆ ನಮ್ಮ ಊರಲ್ಲಿ ಗುಡ್ಡ ಹತ್ತಿದರೆ ಎರಡು ಕಡ್ಡಿ ನೆಟ್‌ವರ್ಕ್ ಬರುತ್ತದೆ. ಟ್ಯಾಟೂ ನೋಡಲು ಯಾರು ಗುಡ್ಡ ಹತ್ತುತ್ತಾರೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಬಟನ್ ಒಂದಿದೆ. ಚಿತ್ರ ಆರಿಸಿದ ಮೇಲೆ ಬರುತ್ತದೆ. ಅದರ ಮೇಲೆ 'ಕಾಯಿ' ಅಂತ ಬರೆದಿದ್ದೆ, ತಡೆದುಕೋ ಅನ್ನುವ ಅರ್ಥದಲ್ಲಿ. ಅಂಗಡಿಗೆ ಬಂದ ಹುಡುಗಿಯೊಬ್ಬಳು, "ಅಕ್ಕಾ, ಇಲ್ಲಿ ತೆಂಗಿನಕಾಯಿ ಎಂತಕ್ಕೆ? ಟ್ಯಾಟೂ ಹಾಕುವ ಮೊದಲು ಒಡೀಬೇಕಾ?" ಅಂದಳು. ನಗು ತಡೆಯಲಾಗಲಿಲ್ಲ. ಅಳಿಸಲು ಹೋದವಳು ಹಾಗೇ ನಿಂತೆ. ಕಾಯಿಯೇ ಇರಲಿ ಅನ್ನಿಸಿತು. ಈಗ ನೀವು ಆರಿಸಿದ ಚಿತ್ರ ಹಸಿರು ಕಾಯಾಗಿ ಕೂರುತ್ತದೆ. 30 ದಿನ ಕಳೆದರೆ ಅಡಿಕೆಯ ಹಾಗೆ ಕೆಂಪಗೆ ಹಣ್ಣಾಗುತ್ತದೆ. ಆಗ, 'ಇನ್ನೂ ಬೇಕಾ?' ಅಂತ ಕೇಳುತ್ತದೆ. ಅಷ್ಟರಲ್ಲಿ ಮದರಂಗಿಯಲ್ಲಿ ಅದೇ ಜಾಗಕ್ಕೆ ಅದೇ ಚಿತ್ರ ಬರೆದು ನೋಡಿ ಅನ್ನುತ್ತದೆ. ಸೊಪ್ಪಿನ ಮದರಂಗಿ ಮಾತ್ರ. ಕಪ್ಪು ಮೆಹೆಂದಿ ಅಂತ ಮಾರುವುದರಲ್ಲಿ ತಲೆಗೂದಲಿನ ಡೈಯ ರಾಸಾಯನಿಕ ಇರುತ್ತದೆ, ಕೆಲವರಿಗೆ ಬೊಬ್ಬೆ ಏಳುತ್ತದೆ.

ಮಲೆನಾಡಿನ ಚಿತ್ರ ಇಲ್ಲದೆ ಮಲೆನಾಡಿನ ಆ್ಯಪ್ ಹೇಗಾಗುತ್ತದೆ ಅಂತ ಸಾಗರದ ಕಡೆ ಹೋದೆ. ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನಿಮಗೆ ಗೊತ್ತಲ್ವಾ? ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಸಪೂರ ನೇರ ಗೆರೆಗಳು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ. ಗೆಳೆಯನಿಗೆ ಆ ಗೆರೆ ಕಂಡರೆ ಕೈ ತುರಿಸುತ್ತದೆ. ಇದನ್ನು ಟ್ಯಾಟೂ ಮಾಡಬಹುದಾ ಅಂತ ಚಿತ್ತಾರ ಬರೆಯುವ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ. "ಗೋಡೆ ಮೇಲಿನದ್ದು ಮಳೆಗಾಲ ಕಳೆದರೆ ಮಾಸ್ತದೆ, ಮತ್ತೆ ಬರಿತೇವೆ. ಮದುವೆಗೊಂದು, ಹಬ್ಬಕ್ಕೊಂದು. ನಿಮ್ದು ಮಾಸದೇ ಇದ್ರೆ ಮತ್ತೆ ಬರಿಯೂದು ಯಾವಾಗ?" ಎಂದರು. ಬೇಡ ಅಂತಲೂ ಹೇಳಲಿಲ್ಲ, ಬೇಕು ಅಂತಲೂ ಹೇಳಲಿಲ್ಲ. ಚಿತ್ತಾರವನ್ನು ಇನ್ನೂ ಆ್ಯಪ್‌ಗೆ ಹಾಕಿಲ್ಲ. ಗೆಳೆಯನಿಗೆ ಸಿಟ್ಟಿದೆ.

ಅಲ್ಲಿಂದ ಮನೆಗೆ ಹೋದೆ, ಅಜ್ಜಿ ಹತ್ತಿರ. ಅಜ್ಜಿಯ ಮುಂಗೈ ತುಂಬ ಹಚ್ಚೆ. ಚುಕ್ಕಿ ಸಾಲು, ತೊಟ್ಟಿಲು, ಒಂದು ಚೇಳು. ಸಣ್ಣವಳಿದ್ದಾಗ ಜಾತ್ರೆಯಲ್ಲಿ ಹಚ್ಚೆ ಹೊಯ್ಯುವ ಕೊರವಂಜಿ ಹಾಕಿದ್ದು. ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಸೂಜಿ ಕಟ್ಟಿನಲ್ಲಿ ಚುಚ್ಚುತ್ತಾ ನೋವು ಮರೆಸಲು ಪದ ಹೇಳುತ್ತಿದ್ದಳಂತೆ. ವಿದ್ಯುತ್ ಯಂತ್ರಕ್ಕೆ ನ್ಯೂಯಾರ್ಕಿನಲ್ಲಿ 1891ರಲ್ಲೇ ಪೇಟೆಂಟ್ ಸಿಕ್ಕಿತ್ತು. ನಮ್ಮ ಜಾತ್ರೆಗೆ ಅದು ಬಂದಿರಲಿಲ್ಲ. ಈ ಚಿತ್ರವನ್ನೇ ಯಾಕೆ ಆರಿಸಿದೆ ಅಜ್ಜೀ ಅಂದೆ. "ನನ್ನ ಕೇಳಿದವ್ರು ಯಾರು? ಅಮ್ಮ ಕೈ ಹಿಡ್ಕಂಡ್ಳು, ಅವ್ಳು ಚುಚ್ಚಿದ್ಳು. ಸತ್ತಾಗ ಚಿನ್ನ ಬಿಚ್ಚಿಕೊಳ್ತಾರೆ, ಇದೊಂದೇ ಜೊತೆಗೆ ಬರೂದು ಅಂದ್ರು. ಮುಗೀತು."

ಅಜ್ಜಿಯ ಕೈಗೆ ಕ್ಯಾಮೆರಾ ಹಿಡಿದೆ. ಪೆನ್ನಿನ ಚುಕ್ಕಿ ಇಡುವ ಮೊದಲೇ ಚಿಟ್ಟೆ ಬಂದು ಕೂತಿತು. ಕೈ ತಿರುಗಿಸಿದರೂ ಅಲ್ಲಾಡಲಿಲ್ಲ. ನನ್ನ ಕೈಯಲ್ಲಿ, ಗೆಳೆಯನ ಕೈಯಲ್ಲಿ ಯಾವತ್ತೂ ಅಷ್ಟು ಗಟ್ಟಿಯಾಗಿ ನಿಂತಿರಲಿಲ್ಲ. ಹಳೆಯ ಹಚ್ಚೆಯ ಚುಕ್ಕಿಗಳನ್ನೇ ಕ್ಯಾಮೆರಾ ಹಿಡಿ ಮಾಡಿಕೊಂಡಿತ್ತು.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. ಚೇಳಿನ ಪಕ್ಕ ನೀಲಿ ಚಿಟ್ಟೆ.

"ಇದು ಎಷ್ಟು ದಿನ ಇರ್ತದೆ?"

"ಫೋನ್ ಆಫ್ ಮಾಡೂವರೆಗೆ ಅಜ್ಜಿ."

"ಹೌದಾ? ಹಂಗಾರೆ ಇನ್ನೊಂದು ಹಾಕು."

ನಮಸ್ಕಾರ.