ಬಿಳಿ ಮಚ್ಚೆ ಮಾತ್ರ ಯಾಕೆ ಸುಟ್ಟಿತು

ಕೇಳುಗರಿಗೆಲ್ಲ ನಮಸ್ಕಾರ. ಗುಡಿಬಂಡೆ ಕಡೆ ನಮ್ಮ ನೆಂಟರ ಮನೇಲಿ ಒಂದು ಸೀಮೆ ಹಸು ಇತ್ತು, ಕಪ್ಪು-ಬಿಳಿ ಮಚ್ಚೇದು, ಬೇಸಿಗೇಲಿ ಮೇವಿಲ್ದೆ ಬೇಲಿ ಸಾಲಿನ ಲಂಟಾನ ಸೊಪ್ಪು ತಿಂದುಬಿಡ್ತು, ಆಮೇಲೆ ನೋಡಿದ್ರೆ ಬಿಳಿ ಇರೋ ಕಡೆಯೆಲ್ಲ ಚರ್ಮ ಊದಿ ಬಿರಿದು ಹಪ್ಪಳದ ಥರ ಎದ್ದು ಬಂದಿದೆ, ಪಕ್ಕದ ಕಪ್ಪು ಮಚ್ಚೆ ಮಾತ್ರ ನೆಟ್ಟಗಿದೆ! ಯಾರೋ ಬಿಸಿನೀರು ಎರಚಿದಾರೆ ಅಂದ್ರು, ಇನ್ನೊಬ್ರು ದೃಷ್ಟಿ ಅಂದ್ರು. ಬಿಸಿನೀರು ಬಣ್ಣ ನೋಡಿ ಸುಡುತ್ತಾ ಸ್ವಾಮಿ? ಸುಟ್ಟಿದ್ದು ಬಿಸಿಲು.

ಹಸಿರು ಮೇವಲ್ಲಿ ಪತ್ರಹರಿತ್ತು ಇರುತ್ತಲ್ಲ, ಅದೇ ಕ್ಲೋರೋಫಿಲ್, ಅದನ್ನ ಹಸು ಹೊಟ್ಟೇಲಿರೋ ಬ್ಯಾಕ್ಟೀರಿಯಾ ಒಡೆದು ಫೈಲೋಎರಿಥ್ರಿನ್ ಅನ್ನೋ ವಸ್ತು ಮಾಡ್ತವೆ. ದಿನಾ ಆಗೋ ಕೆಲಸಾನೇ ಇದು, ಲಿವರ್ ಅದನ್ನ ಪಿತ್ತದ ಜೊತೆ ಹೊರಗೆ ಹಾಕುತ್ತೆ. ಆದ್ರೆ ಲಂಟಾನದ ಲ್ಯಾಂಟಡೀನ್ ಅನ್ನೋ ವಿಷ ಲಿವರ್ ಕೆಡಿಸಿ ಪಿತ್ತ ಹರಿಯೋದು ನಿಂತ ಮೇಲೆ, ಆ ಫೈಲೋಎರಿಥ್ರಿನ್ ರಕ್ತ ಸೇರಿ ಚರ್ಮಕ್ಕೆ ಬಂದು ಕೂರುತ್ತೆ.

ಕತ್ತಲಲ್ಲಿ ಅದು ಸಾಧು. ಬೆಳಕು ಬಿದ್ರೆ ಶಕ್ತಿ ಹೀರಿ, ಪಕ್ಕದಲ್ಲಿರೋ ಆಕ್ಸಿಜನ್‌ಗೆ ದಾಟಿಸುತ್ತೆ, ನಾವು ಉಸಿರಾಡೋ ಅದೇ ಆಕ್ಸಿಜನ್ ಆಗ ಸಿಂಗ್ಲೆಟ್ ಆಕ್ಸಿಜನ್ ಆಗಿ ರೊಚ್ಚಿಗೇಳುತ್ತೆ. ನೀರಲ್ಲಿ ಅದರ ಆಯುಸ್ಸು ಸೆಕೆಂಡಿನ 10 ಲಕ್ಷ ಭಾಗದಲ್ಲಿ ಮೂರ್ನಾಲ್ಕು ಭಾಗ ಅಷ್ಟೇ, ಅಷ್ಟರಲ್ಲೇ ಜೀವಕೋಶದ ಪೊರೆಯ ಕೊಬ್ಬಿಗೆ ಕೈ ಹಾಕುತ್ತೆ. ಶಕ್ತಿ ಕೊಟ್ಟ ಫೈಲೋಎರಿಥ್ರಿನ್ ಮತ್ತೆ ಮೊದಲಿನ ಹಾಗೇ ಆಗಿ ಇನ್ನೊಂದು ಸಲಕ್ಕೆ ರೆಡಿ, ಅದಕ್ಕೇ ಸ್ವಲ್ಪ ಇದ್ರೂ ಸಾಕು. ಕೆಲವು ಸಲ ಶಕ್ತಿ ಬದಲು ಎಲೆಕ್ಟ್ರಾನೇ ಆಕ್ಸಿಜನ್‌ಗೆ ದಾಟಿ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಅನ್ನೋ ಕೋಶ ಕೆಡಿಸೋ ವಸ್ತುಗಳೂ ಹುಟ್ತವೆ. ಕಪ್ಪು ಚರ್ಮದಲ್ಲಿರೋ ಮೆಲನಿನ್ ಅನ್ನೋ ಬಣ್ಣದ ವಸ್ತು ಬೆಳಕನ್ನ ಒಳಗೇ ಬಿಡಲ್ಲ, ಮಚ್ಚೆ ಲೆಕ್ಕ ಅಲ್ಲಿಗೆ ಸರಿಹೋಯ್ತು.

ಚಿಕ್ಕಬಳ್ಳಾಪುರದ ಮಾರ್ಕೆಟ್‌ಗೆ ರಾಶಿ ರಾಶಿ ಬರೋ ಚೆಂಡು ಹೂವಿನ ಗಿಡದಲ್ಲೂ ಇದೇ ಆಟ ಇದೆ. ಅದರಲ್ಲಿರೋ ಟರ್ಥಯೆನಿಲ್ ಅನ್ನೋ ವಸ್ತುಗೆ ಸೂರ್ಯನ ಯುವಿ ಕಿರಣ ತಗುಲಿದ್ರೆ ಸಿಂಗ್ಲೆಟ್ ಆಕ್ಸಿಜನ್ ಎದ್ದು, ನೀರಲ್ಲಿರೋ ಸೊಳ್ಳೆ ಮರಿಗಳನ್ನ ಕೊಲ್ಲುತ್ತೆ. ಹಸುಗೆ ಶತ್ರು ಆದದ್ದೇ ಗಿಡಕ್ಕೆ ಕಾವಲು ನೋಡಿ.

ಆ ಹಸುನ ಡಾಕ್ಟ್ರು ಹೇಳಿದ ಹಾಗೆ ಹಗಲೆಲ್ಲ ಕೊಟ್ಟಿಗೆ ಕತ್ತಲಲ್ಲೇ ಕಟ್ಟಿ, ಲಿವರ್‌ಗೆ ಔಷಧಿ ಕೊಟ್ರು, ಹೊತ್ತು ಮುಳುಗಿದ ಮೇಲೇ ಹೊರಗೆ ಬಿಡೋರು.